ನಾಲ್ಕೂವರೆಯಿಂದ ಐದೂವರೆ

೨೮ ಜನವರಿ ೧೯೭೯, ಭಾನುವಾರ

ಹೆಂಗಸರ ಹೊತ್ತು ಶುರುವಾಗುವ ನಾಲ್ಕೂವರೆಗೆ ಹೋದರೆ ಕ್ಲಬ್ಬಿನ ಕೋರ್ಟಿನಲ್ಲಿ ಇನ್ನೂ ಗಂಡಸರು. ಬಿಟ್ಟದ್ದು ಐದಕ್ಕೆ ಹತ್ತು ನಿಮಿಷ ಇರುವಾಗ. ಉಳಿದ ನಲವತ್ತು ನಿಮಿಷದಲ್ಲಿ ನನ್ನ ಡಬಲ್ಸ್ ಜೋಡಿ ಪುಷ್ಪಮ್ಮನೂ ನಾನೂ ಆಡಿದ್ದು ಒಂದೂವರೆ ಗೇಮ್. ಬಾಲ್ ಬ್ಯಾಡ್ಮಿಂಟನ್ನಿನ ಉಣ್ಣೆ ಚೆಂಡು ನೂಲು ಬಿಚ್ಚಿಕೊಂಡು ಬಾಲ ಬಿಟ್ಟಿದೆ. ಹೊಸದು ಕೇಳಿದರೆ, ಗಂಡಸರಿಗೇ ಸಾಲುತ್ತಿಲ್ಲವಂತೆ.

ಆಮೇಲೆ ಕ್ಲಬ್ಬಿನ ಅಧ್ಯಕ್ಷ ಶೇಷಪ್ಪನವರು ಕರೆದರು. ವಕೀಲರು. ನಯವಾಗಿಯೇ ಹೇಳಿದರು.

"ವರದಮ್ಮ ಟೀಚರ್, ಮಾರ್ಚ್ ಒಂದರಿಂದ ಲೇಡೀಸ್ ಟೈಮ್ ತೆಗೀಬೇಕು ಅಂತ ಕಮಿಟಿ ಅಭಿಪ್ರಾಯ. ಗಂಡಸರ ಪ್ರಾಕ್ಟೀಸಿಗೆ ಹೊತ್ತು ಸಾಲ್ತಿಲ್ಲ. ಅಲ್ದೆ ಹೆಂಗಸರಿಗೆ ಈ ಬಗ್ಗಿ ಏಳೋ ಆಟ… ಬಸುರಿ ಬಾಣಂತಿ ಅಂತ ಇರ್ತದೆ. ಹೆಚ್ಚುಕಮ್ಮಿ ಆದ್ರೆ ಕ್ಲಬ್ಬಿಗೆ ಕೆಟ್ಟ ಹೆಸರು."

"ನನಗೆ ನಲವತ್ಮೂರು, ಶೇಷಪ್ಪನೋರೆ. ಹದಿಮೂರು ವರ್ಷದಿಂದ ಇಲ್ಲೇ ಬಗ್ಗಿದೀನಿ, ಇಲ್ಲೇ ಎದ್ದಿದೀನಿ."

ನಕ್ಕರು. "ಆಯ್ತಪ್ಪ. ಈ ಸಲ ಮೂರು ತಾಲ್ಲೂಕಿನ ಲೇಡೀಸ್ ಡಬಲ್ಸ್ ಶೀಲ್ಡ್ ಗೆದ್ದುಬಿಡಿ. ನಿಮ್ಮ ಗಂಟೆ ಉಳೀತದೆ. ಇಲ್ಲಾಂದ್ರೆ ಇಲ್ಲ."

ಇದೇ ಮನುಷ್ಯ ೧೯೬೬ರಲ್ಲಿ ಇದೇ ಕುರ್ಚಿಯಲ್ಲಿ ಕೂತು "ನಾಲ್ಕರಿಂದ ಆರು ಖಾಯಂ ನಿಮ್ಮದು" ಅಂದಿದ್ದರು. ೭೧ರಲ್ಲಿ ಅರ್ಧ ಕಿತ್ತುಕೊಂಡರು. ಆ ಠರಾವಿಗೆ ಸಹಿ ಹಾಕಿದ ಒಂಬತ್ತು ಜನರ ಹೆಸರು ಸಾಲಾಗಿ ಹೇಳಬಲ್ಲೆ. ಅವರಿಗೆ ಮರೆತಿದೆ. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುವವಳಿಗೆ ಮರೆಯುವ ಸೌಲಭ್ಯವಿಲ್ಲ.

ಮನೆಗೆ ಬಂದು ಕಮಿಟಿಗೆ ಆರು ಪುಟ ಬರೆದೆ. ಹೆಂಗಸಿನ ಮೈ ಮೇಣದ್ದಲ್ಲ ಅಂತ ಮೂರು ಕಡೆ ಬಂದಿದೆ. ಇರಲಿ.

೪ ಫೆಬ್ರವರಿ, ಭಾನುವಾರ

ಮೊದಲ ಸುತ್ತು. ಈ ವರ್ಷ ಪಂದ್ಯಗಳೆಲ್ಲ ನಮ್ಮ ಸಾಗರದ ಕೋರ್ಟಿನಲ್ಲೇ. ನಾವು ಗೆದ್ದೆವು, ಸುಲಭ. ಮುಂದಿನ ವಾರ ಸೆಮಿಫೈನಲಿನಲ್ಲಿ ಹೊಸನಗರದ ಜೋಡಿ. ಹೋದ ವರ್ಷ ನಮ್ಮನ್ನು ಮಣ್ಣು ಮುಕ್ಕಿಸಿದವರು.

ಆದರೆ ಬರೆಯಬೇಕಾದದ್ದು ಅದಲ್ಲ.

ನಾವಿಬ್ಬರು ಬಿಟ್ಟು ಎಲ್ಲರೂ ಹೋದ ಮೇಲೆ ಗುತ್ಯಪ್ಪ ಪೊರಕೆ ಹಿಡಿದು ಬಂದ. ಕೋರ್ಟ್ ಗುಡಿಸಿ, ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆಯುವವನು. ಹಿನ್ನೀರಿನಾಚೆ ತುಮರಿಯವನು, ಸೋಮವಾರ ರಜ, ಹೊಳೆಬಾಗಿಲಿನ ದಡದಲ್ಲಿ ಲಾಂಚ್ ಹತ್ತಿ ಊರಿಗೆ ಹೋಗುತ್ತಾನೆ. ಮೊದಲು ಬೇಟೆಗಾರರ ಮುಂದೆ ಮೃಗಗಳ ಹೆಜ್ಜೆ ಹುಡುಕುತ್ತ ನಡೆಯುತ್ತಿದ್ದನಂತೆ. ಇಷ್ಟು ವರ್ಷ ಅದನ್ನು ಕೇಳಿಯೂ ಕೇಳದ ಹಾಗಿದ್ದೆ.

ಗುಡಿಸದೆ ಕುಕ್ಕರುಗಾಲಲ್ಲಿ ಕೂತ. ಹೊಸನಗರದವರು ಆಡಿದ ಕಡೆ ನೆಲ ತೋರಿಸಿದ. ಒದ್ದೆ ಕೆಮ್ಮಣ್ಣು, ಬರಿಗಾಲು. ಒಂದೊಂದು ಬೆರಳೂ ಮೂಡಿತ್ತು.

"ಆ ಉದ್ದದಮ್ಮ ಅದಾರಲ್ಲ, ಬಲಕ್ಕೆ ಓಡೋ ಮೊದ್ಲು ಎಡಗಾಲು ಒಂದ್ಸಲ ಒತ್ತಿ ಓಡ್ತಾರೆ. ನೋಡಿ, ಇಲ್ಲೂ ಒತ್ತಿದಾರೆ, ಇಲ್ಲೂ. ಒತ್ತಿದ ಮ್ಯಾಲೆ ವಾಪಸ್ ತಿರುಗಕ್ಕಾಗಲ್ಲ."

ನಾನೂ ಬಗ್ಗಿ ನೋಡಿದೆ. ನನಗೆ ಕಂಡದ್ದು ಕೆಸರು. ಅವನು ತೋರಿಸುತ್ತ ಹೋದ ಹಾಗೆ ಒಂದೊಂದೇ ಹೆಜ್ಜೆ ಎದ್ದು ನಿಂತಿತು — ಓಡಿತು, ತಡೆಯಿತು, ಹೊರಳಿತು. ಮುಗಿದ ಆಟ ಪೂರ್ತಿ ನೆಲದ ಮೇಲೆ ಇನ್ನೊಂದು ಸಲ ನಡೆಯಿತು. ಶಾಸನ ಓದುವವರನ್ನು ಕಂಡಿದ್ದೇನೆ, ಅವರಿಗಾದರೂ ಕಲ್ಲು ಇರುತ್ತದೆ.

"ನಿಮ್ದು ಹೇಳ್ಲಾ ಟೀಚರಮ್ಮ?"

"ಹೇಳು."

"ಬಾಲ್ ಹಿಂದೆ ಹೋದ್ರೆ ಮೂರು ಹೆಜ್ಜೆ ಇಡ್ತೀರಿ. ನಾಕನೇದು ಇಡಲ್ಲ. ಔಟು ಅಂತ ನಿಮ್ಗೆ ನೀವೇ ಹೇಳ್ಕಂಡು ನಿಂತ್ಬಿಡ್ತೀರಿ."

ಪುಷ್ಪಮ್ಮ ಬಿದ್ದು ಬಿದ್ದು ನಕ್ಕಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ನಾಳೆ ಬೆಳಗಾಗುವುದರೊಳಗೆ ಇದು ಊರಿಗೆಲ್ಲ ಕನೆಕ್ಟ್ ಆಗಿರುತ್ತದೆ.

೧೧ ಫೆಬ್ರವರಿ, ಭಾನುವಾರ

ಗೆದ್ದೆವು! ೨೯–೧೮, ೨೯–೧೬. ಉದ್ದದವಳು ಎಡಗಾಲು ಒತ್ತುವವರೆಗೆ ಕಾದು ಎಡಕ್ಕೇ ಹಾಕಿದೆವು. ಏನಾಗುತ್ತಿದೆ ಎಂದು ಕೊನೆಯವರೆಗೂ ಅವಳಿಗೆ ತಿಳಿಯಲಿಲ್ಲ. ನಾಲ್ಕನೇ ಹೆಜ್ಜೆಯನ್ನೂ ಇಟ್ಟೆ. ಎರಡು ಸಲ ಚೆಂಡು ಸಿಕ್ಕಿತು, ಒಂದು ಸಲ ಬಿದ್ದೆ.

ಇನ್ನೊಂದು ಸೆಮಿಫೈನಲ್ ಗೆದ್ದವರು ತೀರ್ಥಹಳ್ಳಿ ಕಡೆಯ ತುಂಗಮ್ಮ, ಶಾಂತಮ್ಮ. ಕವಲೇದುರ್ಗದ ಕೋಟೆಯ ಕೆಳಗಿನ ಹಳ್ಳಿ. ಶಾಂತಮ್ಮ ಬಾಲವಾಡಿ ಟೀಚರ್, ಮಿಕ್ಕ ಹೊತ್ತು ಗದ್ದೆ ಕೆಲಸ. ಎರಡು ವರ್ಷದಿಂದ ಶೀಲ್ಡ್ ಅವರ ಹತ್ತಿರವೇ ಇದೆ.

ಸಂಜೆ ಗುತ್ಯಪ್ಪನ ಜೊತೆ ನಾವೂ ಕುಕ್ಕರುಗಾಲಲ್ಲಿ. ತುಂಗಮ್ಮನದು ಬೇಗ ಮುಗಿಯಿತು — ಎಡ ಹಿಂದಿನ ಮೂಲೆಗೆ ಅವಳ ಹೆಜ್ಜೆಯೇ ಹೋಗಿಲ್ಲ. ಶಾಂತಮ್ಮನ ಹೆಜ್ಜೆಯ ಮುಂದೆ ಅವನು ತುಂಬ ಹೊತ್ತು ಕೂತ. ಗೇಣು ಹಾಕಿ ಅಳೆದ. ಬೆರಳಿಟ್ಟು ಆಳ ನೋಡಿದ.

"ಹೋದ ವರ್ಷ ಹಿಂಗಿರ್ಲಿಲ್ಲ. ಈಗ ಹಿಮ್ಮಡಿ ಆಳ. ಬೆರಳು ಹೊರಕ್ಕೆ ತಿರುಗ್ಯಾವೆ." ದನಿ ತಗ್ಗಿಸಿದ. "ಬಸುರಿ, ಅಮ್ಮ. ಐದು ತಿಂಗ್ಳಿರ್ಬೌದು."

ಹೋದ ವರ್ಷದ ಹೆಜ್ಜೆ! ಹನ್ನೆರಡು ತಿಂಗಳು ಗುಡಿಸಿ, ಒಂದಿಡೀ ಮಳೆಗಾಲ ಕೊಚ್ಚಿಹೋದ ನೆಲ. ಅವನ ತಲೆಯಲ್ಲಿ ಹಾಗೇ ಇದೆ. ನನ್ನ ನೆನಪಿನ ಬಗ್ಗೆ ನನಗೆ ಜಂಬ ಇತ್ತು. ಇವತ್ತು ಇಳಿಯಿತು.

"ಹಂಗಾದ್ರೆ ಬಗ್ಗೋದು ಕಷ್ಟ," ಪುಷ್ಪಮ್ಮ ಅಂದಳು. "ಅವಳ ಮುಂದೆ ನೆಟ್ ಹತ್ರ ಬೀಳೋ ಹಂಗೆ ಹಾಕಿದ್ರೆ…"

ಗುತ್ಯಪ್ಪ ಎದ್ದುಬಿಟ್ಟ. "ಗಬ್ಬದ ಜಿಂಕೆ ಹೆಜ್ಜೆ ಸಿಕ್ರೆ ನಾವು ಅಲ್ಲಿಂದ ಮುಂದೆ ಹೋಗ್ತಿರ್ಲಿಲ್ಲ. ಸಾಹುಕಾರ್ರು ಬೈದ್ರೂ ಇಲ್ಲ. ಹೆಜ್ಜೆ ತಪ್ತು ಅಂತ ಸುಳ್ಳು ಹೇಳಿ ವಾಪಸ್ ಬರ್ತಿದ್ವಿ."

ಪೊರಕೆ ತೆಗೆದುಕೊಂಡು ಗುಡಿಸಿಬಿಟ್ಟ.

೧೩ ಫೆಬ್ರವರಿ

ಎರಡು ದಿನದಿಂದ ಪುಷ್ಪಮ್ಮನ ಜೊತೆ ವಾದ.

"ಅಕ್ಕಾ, ಸೋತ್ರೆ ನಮ್ಮ ಗಂಟೆ ಹೋಗ್ತದೆ. ಆಮೇಲೆ ನಾನು ಎಕ್ಸ್‌ಚೇಂಜು, ಮನೆ, ಎಕ್ಸ್‌ಚೇಂಜು. ಅಷ್ಟೇಯ."

"ಅವಳು ಬಗ್ಗಿ ಬಿದ್ರೆ?"

ಬಿಚ್ಚಿದ ಚೆಂಡಿನ ನೂಲು ಸುತ್ತತೊಡಗಿದಳು. ತೀರ್ಮಾನ: ಶಾಂತಮ್ಮನ ಮುಂದೆ ಚೆಂಡು ಬೀಳಿಸಬಾರದು. ತುಂಗಮ್ಮನ ಎಡ ಮೂಲೆ ಸಾಕು, ಅದರಲ್ಲೇ ಗೆಲ್ಲಬೇಕು.

ಗುತ್ಯಪ್ಪನಿಗೆ ಹೇಳಿದೆ. ತಲೆಯಾಡಿಸಿದ. ಓದಿಲ್ಲದ ಮನುಷ್ಯ, ಎಂಥ ಧರ್ಮ! ಎರಡು ದಿನದಿಂದ ಅದೇ ಗುಂಗು.

೧೮ ಫೆಬ್ರವರಿ, ಭಾನುವಾರ, ಸಂಜೆ ೭

ಸೋತೆವು. ೨೯–೨೧, ೨೩–೨೯, ೨೭–೨೯.

ಕ್ರಮವಾಗಿ ಬರೆಯುತ್ತೇನೆ, ಇಲ್ಲವಾದರೆ ನನಗೇ ನಾಳೆ ನಂಬಿಕೆ ಬರುವುದಿಲ್ಲ.

ಮೊದಲ ಗೇಮ್ ನಮ್ಮದು. ತುಂಗಮ್ಮನ ಎಡ ಮೂಲೆಗೆ ಹಾಕಿದ್ದೆಲ್ಲ ಪಾಯಿಂಟ್. ಶಾಂತಮ್ಮ ನೆಟ್ ಹತ್ತಿರ ಸುಮ್ಮನೆ ನಿಂತಿದ್ದಳು. ಎದುರಾಳಿಗಳನ್ನು ನೋಡುವ ನೋಟವಲ್ಲ ಅದು. ತಕ್ಕಡಿ ಹಿಡಿದವಳ ಮುಂದೆ ನಿಂತ ಗಿರಾಕಿಯ ನೋಟ.

ಎರಡನೇ ಗೇಮಿಗೆ ಎರಡು ಹೆಜ್ಜೆ ಹಿಂದೆ ನಿಂತಳು. ಆಮೇಲೆ ಇನ್ನೆರಡು, ಎಡಕ್ಕೆ. ಮುಂದಿನ ಜಾಗ ಪೂರ್ತಿ ಖಾಲಿ, ಬಾಗಿಲು ತೆರೆದಿಟ್ಟ ಹಾಗೆ. ನಾವು ಅಲ್ಲಿಗೆ ಹಾಕುವುದಿಲ್ಲ. ತುಂಗಮ್ಮನ ಮೂಲೆಗೆ ಹಾಕಿದ್ದನ್ನೆಲ್ಲ ಇವಳೇ ಹೊಡೆದಳು. ಒಂದೊಂದೂ ನೆಲ ಕಚ್ಚುವ ಹೊಡೆತ. ತುಂಗಮ್ಮನಿಗೆ ಮೂಲೆಯೇ ಇಲ್ಲದಂತಾಯಿತು.

ಮೂರನೆಯದರಲ್ಲಿ ೨೭–೨೭. ಪುಷ್ಪಮ್ಮ ಹತ್ತಿರ ಬಂದು, "ಅಕ್ಕಾ, ಈಗಲಾದ್ರೂ?" ಅಂದಳು. ಬೇಡವೆಂದೆ. ೨೭–೨೮. ಆಗ… ಹೌದು, ಬರೆಯುತ್ತೇನೆ. ಹದಿಮೂರು ವರ್ಷ ಕಣ್ಣ ಮುಂದೆ ಬಂತು. ಬ್ಯಾಟ್ ಮೆಲ್ಲಗೆ ತಾಗಿಸಿ ನೆಟ್ಟಿನಾಚೆ ಇಳಿಸಿದೆ. ಖಾಲಿ ಜಾಗಕ್ಕೇ.

ಓಡಿ ಬಂದಳು. ಸೊಂಟದಲ್ಲಿ ಬಗ್ಗಿ, ಗದ್ದೆಯಲ್ಲಿ ಸಸಿ ನೆಡುವ ಹಾಗೆ ಬಗ್ಗಿ, ನೆಲದಿಂದ ಒಂದು ಗೇಣು ಮೇಲೆ ಚೆಂಡನ್ನು ಎತ್ತಿ ನನ್ನ ತಲೆಯ ಮೇಲೆ ಹಿಂದಕ್ಕೆ ಹಾಕಿದಳು. ನಾಲ್ಕು ಹೆಜ್ಜೆಯನ್ನೂ ಇಟ್ಟೆ. ಐದು ಬೇಕಿತ್ತು.

ಕೈ ಕೊಡುವಾಗ ನಗುತ್ತಿದ್ದಳು. "ಇಷ್ಟೊತ್ತು ಎಲ್ಲಿಟ್ಟಿದ್ರಿ ಅಕ್ಕಾ ಈ ಹೊಡೆತಾನ?"

"ನಿಮಗೆ… ಗೊತ್ತಾಗಿತ್ತಾ?"

"ಮೊದಲ್ನೇ ಗೇಮಲ್ಲೇ. ಒಂದೂ ಚೆಂಡು ಮುಂದೆ ಬೀಳಲ್ಲ ಅಂದ್ರೆ ಎಂತದೋ ಅದೆ ಅಂತ. ಆಮೇಲೆ ನೀವು ನನ್ನ ಹೊಟ್ಟೆ ನೋಡೋದು ಕಾಣ್ತು." ಸೆರಗು ಸರಿಮಾಡಿಕೊಂಡಳು. "ಮೊದಲಿನ ಎರಡು ಬಸುರಲ್ಲೂ ಎಂಟು ತಿಂಗ್ಳವರೆಗೂ ಗದ್ದೆ ನಟ್ಟಿ ಮಾಡಿದೀನಿ. ದಿನಾ ಬಗ್ಗೋಳಿಗೆ ಇದೆಂತಾ ಬಗ್ಗೋದು ಮಾರಾಯ್ರೆ!"

ಗುತ್ಯಪ್ಪ ಹೆಜ್ಜೆ ಓದಿದ್ದು ಸರಿಯಾಗೇ ಇತ್ತು. ನಾವು ಅವಳ ಹೆಜ್ಜೆ ಓದಿದೆವು. ಅವಳು ನಮ್ಮ ಕರುಣೆ ಓದಿದಳು. ಅದೂ ನಿಂತ ನಿಲುವಿನಲ್ಲಿ, ಒಂದೇ ಗೇಮಿನಲ್ಲಿ.

ಸೋತ ದುಃಖ ಇದೆ. ಅದಕ್ಕಿಂತ ದೊಡ್ಡದಾಗಿ ಬೆರಗು. ಬೆರಗಿನ ಕೆಳಗೆ ನಾಚಿಕೆ. ಬಸುರಿಗೆ ಆಗದು ಅಂದದ್ದು ಶೇಷಪ್ಪ. ಅವರನ್ನು ಖಂಡಿಸಿ ಆರು ಪುಟ ಬರೆದವಳು ನಾನು. ಮೂರು ಗೇಮ್ ನಿಂತು ಅವರ ಮಾತಿನ ಪ್ರಕಾರ ಆಡಿದವಳೂ ನಾನೇ. ಜಿಂಕೆಗೆ ಗುತ್ಯಪ್ಪ ಅದರ ಪ್ರಾಣ ಬಿಟ್ಟುಕೊಟ್ಟ. ನಾನು ಶಾಂತಮ್ಮನಿಂದ ಆಟ ಕಿತ್ತುಕೊಳ್ಳಲು ಹೋಗಿದ್ದೆ.

೨೬ ಫೆಬ್ರವರಿ

ಬೋರ್ಡಿನಲ್ಲಿ ನೋಟೀಸ್. ಮಾರ್ಚ್ ಒಂದರಿಂದ ಲೇಡೀಸ್ ಟೈಮ್ ರದ್ದು. ನಾಲ್ಕು ಸಾಲು, ಮೂರು ಕಾಗುಣಿತದ ತಪ್ಪು.

ಶಾಂತಮ್ಮನಿಂದ ಕಾರ್ಡು: "ನಿಮ್ಮ ಆಟದ ಹೊತ್ತು ಹೋಗುವ ವಿಷಯ ಈಗ ತಿಳಿಯಿತು. ಮೊದಲೇ ತಿಳಿದಿದ್ದರೂ ನಾನು ಬಿಟ್ಟುಕೊಡುತ್ತಿರಲಿಲ್ಲ. ನೀವೂ ಬಿಟ್ಟುಕೊಡಬೇಡಿ."

ನಾಲ್ಕು ಸಲ ಓದಿದೆ. ಕಮಿಟಿಗೆ ಇನ್ನೊಂದು ಪತ್ರ ಬರೆಯಲು ಕೂತಿದ್ದೆ, ಹರಿದು ಹಾಕಿದೆ.

೧ ಮಾರ್ಚ್, ಸಂಜೆ ೪.೨೫, ಕೋರ್ಟಿನ ಬೆಂಚಿನ ಮೇಲೆ

ಏಳು ಜನ ಬಂದಿದ್ದೇವೆ. ಗುತ್ಯಪ್ಪ ನೀರು ಚಿಮುಕಿಸಿ, ಗೆರೆ ಎಳೆದು, ನೆಟ್ ಕಟ್ಟಿಯಾಗಿದೆ.

"ನೋಟೀಸ್ ನೋಡ್ಲಿಲ್ವಾ?" ಅಂದೆ.

"ನೋಡ್ದೆ. ಓದಕ್ಕೆ ಬರಲ್ಲ ನಂಗೆ. ಬಾಯಲ್ಲಿ ಯಾರೂ ಬ್ಯಾಡ ಅಂದಿಲ್ಲ."

ಪುಷ್ಪಮ್ಮ ನೆಟ್ಟಿನಾಚೆ ನಿಂತು ಕರೆಯುತ್ತಿದ್ದಾಳೆ, ಮೊದಲ ಸರ್ವಿಸ್ ನನ್ನದಂತೆ. ಶೇಷಪ್ಪನವರ ಕಾರು ಗೇಟಿನಲ್ಲಿ ನಿಂತಿತು. ಇಳಿದರು. ನಮ್ಮನ್ನೇ ನೋಡುತ್ತಿದ್ದಾರೆ. ಬರಲಿ, ಗೆರೆಯವರೆಗೂ ಬರಲಿ. ನಾನು ಸರ್ವಿಸಿಗೆ ಎದ್ದೆ.