ಅಷ್ಟು ದೋಶಿಗಳ ನಡುವೆ

ಲಿವರ್‌ಪೂಲ್, ಸಿಡ್ನಿ
ಭಾನುವಾರ, ೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಸುಘೋಷ್,

ವಿಸ್ಡಮ್ ಟೂತ್ ಕೀಳಿಸಿದ ಕಡೆ ಊತ ಇಳಿಯಿತೇ? ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದೀಯಾ, ಇಲ್ಲ ಮಾತ್ರೆಯೊಂದನ್ನೇ ನಂಬಿಕೊಂಡಿದ್ದೀಯಾ? ಮೆಲ್ಬೋರ್ನಿನ ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ಗಟ್ಟಿ ಪದಾರ್ಥ ತಿನ್ನಬೇಡ ಎಂದು ನಾನು ಹೇಳುವಷ್ಟರಲ್ಲಿ, ಋತ್ವಾಳ ಅಮ್ಮ ಖಿಚಡಿ ಮಾಡಿ ಡಬ್ಬಿಯಲ್ಲಿ ಕಳಿಸಿದರು ಎಂದೆ ನೀನು. ಒಳ್ಳೆಯದಾಯಿತು. ಜ್ವರ ಬಂದಾಗ ನಾನು ಅನ್ನಕ್ಕೆ ಹೆಸರುಬೇಳೆ ಹಾಕಿ ಬೇಯಿಸಿದರೆ ‘ಅಮ್ಮಾ, ದಿಸ್ ಈಸ್ ಬೇಬಿ ಫುಡ್’ ಎಂದು ತಟ್ಟೆ ದೂರ ಸರಿಸುತ್ತಿದ್ದವನು ನೀನು. ಅದೇ ಅಕ್ಕಿ, ಅದೇ ಹೆಸರುಬೇಳೆ ಕ್ರೇಗಿಬರ್ನ್‌ನ ಅವರ ಮನೆಗೆ ಹೋಗಿ ಖಿಚಡಿಯಾದ ಮೇಲೆ ನಿನಗೆ ರುಚಿಯಾಗಿದೆ. ಇರಲಿ. ಊತ ಇಳಿದರೆ ಸಾಕು.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪ ಕ್ರಿಕೆಟ್ ಹಾಕಿಕೊಂಡು ಸೋಫಾದ ಮೇಲೆ ನಿದ್ದೆ ಮಾಡುತ್ತಿದ್ದಾರೆ. ಟಿವಿ ಆರಿಸಿದರೆ ‘ನೋಡ್ತಾ ಇದೀನಲ್ಲ’ ಎಂದು ಕಣ್ಣು ಮುಚ್ಚಿಕೊಂಡೇ ಗದರುತ್ತಾರೆ. ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದು ನಿನಗೆ ಅನ್ನಿಸಬಹುದು. ಮೊದಲು ಇಂಗ್ಲಿಷಿನಲ್ಲೇ ಶುರು ಮಾಡಿದೆ. ಒಂದು ಪ್ಯಾರಾ ಆದ ಮೇಲೆ ಓದಿ ನೋಡಿದರೆ ಆಫೀಸಿನಲ್ಲಿ ಯಾರಿಗೋ ಪ್ರಮೋಷನ್ ಆದಾಗ ಕಳಿಸುವ ಇಮೇಲಿನ ಹಾಗಿತ್ತು. ನಾನು ಓದಿದ್ದು ಕಾನ್ವೆಂಟಿನಲ್ಲಿ. ಇಂಗ್ಲಿಷಿನಲ್ಲಿ ಸುಳ್ಳು ಹೇಳಲು ನನಗೆ ಬಹಳ ಚೆನ್ನಾಗಿ ಬರುತ್ತದೆ. ನಿನ್ನನ್ನು ಭಾನುವಾರದ ಕನ್ನಡ ಶಾಲೆಗೆ ಎಳೆದುಕೊಂಡು ಹೋಗುತ್ತಿದ್ದದ್ದು ಇಂಥ ಒಂದು ಕಾಗದ ಓದಲಿ ಎಂದೇ. ಬೆರಳಿಟ್ಟು ನಿಧಾನವಾಗಿ ಓದು. ತಿಳಿಯದ ಕಡೆ ನನಗೆ ಫೋನ್ ಮಾಡು. ಬೇರೆ ಯಾರನ್ನೂ ಕೇಳಬೇಡ.

ಗುರುವಾರ ನೀನು ಫೋನಿನಲ್ಲಿ ಕೇಳಿದ್ದರ ಬಗ್ಗೆ ಬರೆಯುತ್ತಿದ್ದೇನೆ. ನವೆಂಬರಿನಲ್ಲಿ ಮದುವೆಯಾದ ಮೇಲೆ ಋತ್ವಾ ನಿನ್ನ ಹೆಸರು ತೆಗೆದುಕೊಳ್ಳುವುದಿಲ್ಲ, ನೀನೇ ಅವಳದನ್ನು ತೆಗೆದುಕೊಂಡು ಸುಘೋಷ್ ದೋಶಿ ಆಗುತ್ತೀಯ ಎಂದೆ. ‘ಅಮ್ಮಾ, ಶ್ರೀನಾಥ್ ಅನ್ನೋದು ಸರ್‌ನೇಮೇ ಅಲ್ಲ. ಅದು ಅಪ್ಪನ ಫಸ್ಟ್ ನೇಮ್. ಐಯಾಮ್ ನಾಟ್ ಲೂಸಿಂಗ್ ಎನಿಥಿಂಗ್. ಆರ್ ಯು ಓಕೆ?’ ಎಂದು ಕೇಳಿದೆ. ನಾನು ಉತ್ತರ ಕೊಡುವ ಮೊದಲೇ ಅಲ್ಲಿ ಯಾರೋ ನಿನ್ನನ್ನು ಕರೆದರು, ನೀನು ಫೋನ್ ಸರಿಸಿ ಓಗೊಟ್ಟೆ, ಮತ್ತೆ ಬಂದು ‘ಸಾರಿ ಅಮ್ಮಾ, ಹೇಳು’ ಎಂದೆ. ‘ಓಕೆ ಕಣೋ, ನಿನ್ನಿಷ್ಟ’ ಎಂದುಬಿಟ್ಟೆ. ಅದು ಸುಳ್ಳು. ನಾನು ಓಕೆ ಆಗಿರಲಿಲ್ಲ, ಮೂರು ದಿನವಾದರೂ ಆಗಿಲ್ಲ. ಯಾಕೆ ಆಗಿಲ್ಲ ಎಂದು ನನಗೇ ಸರಿಯಾಗಿ ಗೊತ್ತಾಗದೆ ಬರೆಯಲು ಕೂತಿದ್ದೇನೆ.

ಹೆಸರು ಹೋಗುತ್ತಿರುವುದು ನಿಮ್ಮಪ್ಪನದು. ಅವರಿಗೆ ಹೇಳಿದರೆ ‘ಒಳ್ಳೇದೇ ಆಯ್ತಲ್ಲ, ದೋಶಿ ಚಿಕ್ಕದು, ಫೋನಲ್ಲಿ ಸ್ಪೆಲ್ಲಿಂಗ್ ಹೇಳೋ ತಾಪತ್ರಯ ಇಲ್ಲ’ ಎಂದು ಮಗ್ಗುಲಾದರು. ಹಾಗಾದರೆ ನನ್ನದೇನು ಹೋಗುತ್ತಿದೆ? ನಾನೇ ಮದುವೆಯಾದ ಮೇಲೆ ಅವರ ಹೆಸರು ಹಾಕಿಕೊಂಡವಳಲ್ಲ. ಪಾಸ್‌ಪೋರ್ಟಿನಲ್ಲಿ ನಾನು ಇವತ್ತಿಗೂ ತೇಜಸ್ವಿನಿ ಮರಿಯಪ್ಪ. ನಮ್ಮ ಮನೆಯ ಮೂವರಿಗೆ ಮೂರು ಸರ್‌ನೇಮ್. ಒಮ್ಮೆ ಏರ್‌ಪೋರ್ಟಿನಲ್ಲಿ ‘ನೀವೆಲ್ಲ ಒಂದೇ ಕುಟುಂಬದವರಾ’ ಎಂದು ಕೇಳಿದಾಗ ಎಂಟು ವರ್ಷದ ನೀನು ‘ಸಾರ್ಟ್ ಆಫ್’ ಎಂದಿದ್ದೆ, ನೆನಪಿದೆಯಾ? ಈ ದೇಶದ ಕಾಯುವ ಕೋಣೆಗಳಲ್ಲೆಲ್ಲ ಮರಿಯಪ್ಪ ಎಂಬ ನನ್ನಪ್ಪನ ಹೆಸರನ್ನು ಅರ್ಧಕ್ಕೇ ಮುರಿದು ‘ಮೇರಿ? ಮೇರಿ?’ ಎಂದು ಕೂಗುತ್ತಾರೆ. ನಾನು ಎದ್ದು ನಿಲ್ಲುತ್ತೇನೆ. ರಾಮನಗರದ ನಿನ್ನ ತಾತ ಇಲ್ಲಿ ಎರಡು ದಶಕದಿಂದ ಮೇರಿಯಾಗಿ ಬದುಕಿದ್ದಾರೆ.

ನನ್ನ ಕೆಲಸವಂತೂ ನಿನಗೆ ಗೊತ್ತು. ಬೆಳಿಗ್ಗೆಯಿಂದ ಬ್ಲಡ್ ತೆಗೆಯುವುದು. ಸೂಜಿ ಚುಚ್ಚುವ ಮೊದಲು ಹೆಸರು ಕೇಳಿ ಖಾತ್ರಿ ಮಾಡಿಕೊಳ್ಳುವುದು. ನಿಮ್ಮ ನಿಶ್ಚಯವಾದಾಗಿನಿಂದ ನನಗೊಂದು ಕೆಟ್ಟ ಅಭ್ಯಾಸ ಅಂಟಿಕೊಂಡಿದೆ. ಜನರ ಸರ್‌ನೇಮಿನ ಅರ್ಥ ಕೇಳುತ್ತೇನೆ. ಹದ್ದಾದ್ ಎಂದರೆ ಅರಬ್ಬಿಯಲ್ಲಿ ಕಮ್ಮಾರನಂತೆ, ನಜ್ಜಾರ್ ಎಂದರೆ ಬಡಗಿ. ಬೇಕರ್, ಟೇಲರ್ ಬಗ್ಗೆ ಕೇಳಬೇಕಾಗೇ ಇಲ್ಲ. ತೋಳು ಚಾಚಿಕೊಂಡು ಕೂತ ಮುದುಕರು ‘ನಮ್ಮ ಮುತ್ತಜ್ಜ ಕುದುರೆಗೆ ಲಾಳ ಕಟ್ಟುತ್ತಿದ್ದ’ ಎನ್ನುವಾಗ ಅವರ ಮುಖ ನೋಡಬೇಕು. ಸೂಜಿ ಹೋದದ್ದೇ ಗೊತ್ತಾಗುವುದಿಲ್ಲ ಅವರಿಗೆ. ಎಲ್ಲರಿಗೂ ಹಿಂದೆ ಒಂದು ಕಸುಬಿದೆ, ಒಂದು ಊರಿದೆ. ನಮಗೆ ಮಾತ್ರ ಒಂದು ಇನಿಷಿಯಲ್.

ನಿಶ್ಚಯದ ಸುದ್ದಿಯನ್ನು ರಾಮನಗರದ ಅಜ್ಜಿಗೆ ಹೇಳಿದಾಗಲೂ ಇದನ್ನೇ ವಿವರಿಸಬೇಕಾಯಿತು. ‘ದೋಷಿನಾ? ಅಯ್ಯೋ, ಏನು ಮಾಡಿದಾರಂತೆ ಪಾಪ?’ ಎಂದರು. ತಪ್ಪು ಮಾಡಿದ ದೋಷಿ ಅಲ್ಲಮ್ಮ, ಬಟ್ಟೆ ವ್ಯಾಪಾರಿ ಎಂದು ಅರ್ಥವಂತೆ ಎಂದರೆ, ‘ಅಳತೆಯಲ್ಲಿ ಏನೋ ಹೆಚ್ಚುಕಮ್ಮಿ ಮಾಡಿರಬೇಕು, ಅದಕ್ಕೇ ಆ ಹೆಸರು’ ಎಂದು ತೀರ್ಮಾನ ಕೊಟ್ಟರು. ನಾನು ಅವರನ್ನು ತಿದ್ದಬಹುದಿತ್ತು. ತಿದ್ದಲಿಲ್ಲ. ಫೋನಿಟ್ಟ ಮೇಲೆ ಒಬ್ಬಳೇ ನಕ್ಕೆ.

ಈಗ ಆಗಸ್ಟಿನಲ್ಲಿ ನಾವು ಕ್ರೇಗಿಬರ್ನ್‌ಗೆ ಬಂದ ದಿನದ ಬಗ್ಗೆ. ಅವರ ಊಟದ ಮನೆಯ ಗೋಡೆಗೆ ನೀನು ಮತ್ತು ಋತ್ವಾ ಸೇರಿ ಅಂಟಿಸಿದ ಆ ಭೂಪಟ. ಸೌರಾಷ್ಟ್ರದ ಊರುಗಳಿಂದ ಹೊರಟ ಕೆಂಪು ದಾರ ಮುಂಬೈಗೆ, ಅಲ್ಲಿಂದ ಮೊಂಬಾಸಾ, ನೈರೋಬಿ, ಮತ್ತೆ ಲೆಸ್ಟರ್, ನ್ಯೂಜೆರ್ಸಿ, ಕೊನೆಗೆ ಕ್ರೇಗಿಬರ್ನ್. ಗುಜರಾತಿನಿಂದ ಬಂದ ದೋಶಿಗಳು ಮಹಾರಾಷ್ಟ್ರದಲ್ಲೂ ತುಂಬಿಹೋಗಿದ್ದಾರೆ, ಹಿಂದೂಗಳೂ ಇದ್ದಾರೆ, ಇವರ ಹಾಗೆ ಜೈನರೂ ಇದ್ದಾರೆ, ಈಗ ಬಟ್ಟೆ ಮಾರುವವರು ಯಾರೂ ಇಲ್ಲ, ಎಲ್ಲ ಅಕೌಂಟೆಂಟು, ಡೆಂಟಿಸ್ಟು ಎಂದು ನೀನು ಒಂದೊಂದು ಪಿನ್ ಮುಟ್ಟಿ ಮುಟ್ಟಿ ಹೇಳುತ್ತಿದ್ದೆ. ಎಷ್ಟು ಉತ್ಸಾಹ! ಏಳನೇ ಕ್ಲಾಸಿನಲ್ಲಿ ವಂಶವೃಕ್ಷ ಬರೆದುಕೊಂಡು ಬಾ ಎಂದಾಗ ಮೂರು ಹೆಸರು ಗೀಚಿ ‘ದಟ್ಸ್ ಇಟ್’ ಎಂದವನು ನೀನೇನಾ ಎಂದು ನೋಡುತ್ತಿದ್ದೆ. ದಕ್ಷಿಣಕ್ಕೆ ದಾರ ಹುಬ್ಬಳ್ಳಿಯವರೆಗೆ ಬಂದು ನಿಂತಿತ್ತು. ಅಲ್ಲಿ ಅವರ ದೂರದ ಸಂಬಂಧಿಕರಿದ್ದಾರಂತೆ. ರಾಮನಗರಕ್ಕೆ ದಾರ ಸಾಲಲಿಲ್ಲ.

‘ಆಂಟಿ, ಟೆಲ್ ಹರ್ ದ ಶೋಲ್ಡರ್ ಸ್ಟೋರಿ’ ಎಂದೆ ನೀನು. ಋತ್ವಾಳ ಅಮ್ಮ ರಂಜನಬೆನ್ ಕೈ ಒರೆಸಿಕೊಂಡು ಬಂದರು. ದೂಷ್ಯ ಎಂದರೆ ಸಂಸ್ಕೃತದಲ್ಲಿ ಬಟ್ಟೆ, ಅದರಿಂದ ದೋಶಿ ಎಂದು ಓದಿದವರು ಹೇಳುತ್ತಾರಂತೆ. ಆದರೆ ಅವರ ಮಾವನವರ ಮಾತೇ ಬೇರೆ: ಪಾರಸಿಯಲ್ಲಿ ದೋಶ್ ಎಂದರೆ ಹೆಗಲು, ಹೆಗಲ ಮೇಲೆ ಬಟ್ಟೆಯ ಗಂಟು ಹೊತ್ತು ಹಳ್ಳಿ ಹಳ್ಳಿ ತಿರುಗಿ ಮಾರಿದವರು ದೋಶಿಗಳು. ಹೆಗಲು ಎನ್ನುವಾಗ ನಿನ್ನ ಹೆಗಲ ಮೇಲೆ ಕೈಯಿಟ್ಟು ತೋರಿಸಿದರು. ಕಥೆ ಮುಗಿದ ಮೇಲೂ ಆ ಕೈ ಅಲ್ಲೇ ಇತ್ತು. ಆಮೇಲೆ ಇನ್ನೊಂದು ಹೇಳಿದರು. ಇಲ್ಲಿಯವರು ‘ದೋ’ ಎನ್ನಲಾರದೆ ಡೋಶಿ ಎನ್ನುತ್ತಾರೆ, ಗುಜರಾತಿಯಲ್ಲಿ ಡೋಶಿ ಎಂದರೆ ಮುದುಕಿ! ‘ಈ ದೇಶಕ್ಕೆ ಬಂದಾಗ ನನಗೆ ಇಪ್ಪತ್ತಾರು, ತೇಜಸ್ವಿನಿಬೆನ್. ಇಳಿದ ದಿನದಿಂದಲೇ ಎಲ್ಲರೂ ಮುದುಕಿ, ಮುದುಕಿ ಅಂತ ಕೂಗೋಕೆ ಶುರು ಮಾಡಿದರು’ ಎಂದು ಹಿಂದಿಯಲ್ಲಿ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರೂ ನಕ್ಕರು. ನಿಮ್ಮಪ್ಪ ಎಚ್ಚರವಾಗಿ ನಕ್ಕರು. ನನ್ನ ಮೇರಿಯ ಕಥೆಯೂ ಇದಕ್ಕಿಂತ ಕಮ್ಮಿಯದಲ್ಲ, ಆದರೆ ಎರಡನೆಯದಾಗಿ ಹೇಳಿದರೆ ಯಾವ ತಮಾಷೆಯೂ ತಮಾಷೆಯಾಗಿರುವುದಿಲ್ಲ.

ಅದಕ್ಕೇ ಆ ಮಾತು ಆಡಿದೆ ಅನ್ನಿಸುತ್ತದೆ. ನೀವು ಬಟ್ಟೆ ಮಾರಿದವರಾದರೆ ನಾವು ಬಟ್ಟೆಗಿಂತ ಹಿಂದಿನವರು, ನಮ್ಮ ತಂದೆ ರೇಷ್ಮೆ ನೂಲು ತೆಗೆಸುತ್ತಿದ್ದರು ಎಂದೆ, ನನ್ನ ಹರಕು ಹಿಂದಿಯಲ್ಲಿ. ಸುಮ್ಮನಾಗಬಹುದಿತ್ತು. ರಂಜನಬೆನ್ ಆಸೆಯಿಂದ ಮುಂದೆ ಬಾಗಿ, ನೂಲು ಹೇಗೆ ತೆಗೆಯುತ್ತಾರೆ ಎಂದು ಕೇಳಿದರು. ನಾನು ಹೇಳುತ್ತಾ ಹೋದೆ. ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಗೂಡು ಹರಾಜಿನಲ್ಲಿ ಹಿಡಿಯುವುದು, ಕುದಿಯುವ ನೀರಿಗೆ ಹಾಕುವುದು, ಒಳಗಿನ ಹುಳು ಸತ್ತ ಮೇಲೆ ಎಳೆ ಬಿಡಿಸುವುದು, ಬೀದಿಯೆಲ್ಲ ಆ ವಾಸನೆ. ತಾತನ ಬೆರಳ ತುದಿ ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು ಎನ್ನುವಷ್ಟರಲ್ಲಿ ರಂಜನಬೆನ್ ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದರು. ‘ಜೀವಂತ ಹುಳಾನಾ, ಬೆನ್?’ ಎಂದು ಸಣ್ಣಗೆ ಕೇಳಿದರು. ಸೂರ್ಯ ಮುಳುಗಿದ ಮೇಲೆ ಊಟ ಮಾಡಿದರೆ ಯಾವ ಹುಳು ಬಾಯಿಗೆ ಹೋದೀತೋ ಎಂದು ಐದೂವರೆಗೇ ಎಲ್ಲ ಮುಗಿಸುವ ಮನೆಯದು. ಅವರ ಮಾವನವರ ಫೋಟೋ ಕೂಡ ನನ್ನನ್ನೇ ನೋಡುತ್ತಿತ್ತು. ಅಷ್ಟು ದೋಶಿಗಳ ನಡುವೆ ದೋಷಿ ನಾನೊಬ್ಬಳೇ.

‘ಪರವಾಗಿಲ್ಲ ಬೆನ್, ಹಳೇ ಕಾಲ, ಹೊಟ್ಟೆಪಾಡು’ ಎಂದು ಅವರು ನನ್ನ ಕೈ ಹಿಡಿದು ಕ್ಷಮಿಸಿಬಿಟ್ಟರು. ಅದನ್ನೇ ನನ್ನಿಂದ ಸಹಿಸಲು ಆಗಲಿಲ್ಲ. ಮದುವೆಗೆ ಉಡುವ ಪಟೋಲಾ ಸೀರೆಯನ್ನು ಅವರು ಅದಕ್ಕೆ ಸ್ವಲ್ಪ ಮೊದಲೇ ಬಿಡಿಸಿ ತೋರಿಸಿದ್ದರು, ಅಪ್ಪಟ ರೇಷ್ಮೆ. ಅದು ಯಾವ ಗಿಡದಲ್ಲಿ ಬಿಡುತ್ತದೆ ಎಂದು ನಾನು ಕೇಳಲಿಲ್ಲ. ಒಳ್ಳೆಯತನದಿಂದ ಕೇಳಲಿಲ್ಲ ಎಂದುಕೊಳ್ಳಬೇಡ. ಮುಂದೆ ಬೇಕಾಗಬಹುದು ಎಂದು ಇಟ್ಟುಕೊಂಡಿದ್ದೇನೆ.

ಸಿಡ್ನಿಗೆ ಬಂದ ಮೇಲೂ ಮನಸ್ಸು ತಣ್ಣಗಾಗಲಿಲ್ಲ. ನಮಗೂ ಏನೋ ಒಂದು ಇದ್ದೇ ಇರಬೇಕು ಎಂದು ನಿನ್ನ ದೊಡ್ಡಪ್ಪನಿಗೆ ಅರಸೀಕೆರೆಗೆ ಫೋನ್ ಮಾಡಿದೆ. ಸರ್‌ನೇಮ್ ಇಲ್ಲದಿದ್ದರೇನು, ಊರಿನಲ್ಲಿ ಮನೆಗೊಂದು ಹೆಸರಿರುತ್ತದಲ್ಲ, ಬೆಲ್ಲದ ಮನೆಯವರು, ಗಂಟೆ ಮನೆಯವರು ಎಂದು. ನಮ್ಮನ್ನು ಏನಂತಿದ್ದರು ಭಾವಾ ಎಂದೆ. ಅವರು ಬಹಳ ಹೊತ್ತು ಕೆಮ್ಮಿದರು. ‘ಬಿಡಮ್ಮ, ಅದನ್ನ ಯಾಕೆ ಕೇಳ್ತೀಯಾ.’ ಬಿಡದೆ ಕೇಳಿದ ಮೇಲೆ ಬಾಯಿ ಬಿಟ್ಟರು: ತೂಕಡಿಕೆ ಮನೆಯವರು. ನಿಮ್ಮ ಮುತ್ತಾತ ಪಂಚಾಯಿತಿ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವಾಗ ತೂಕಡಿಸಿ, ಎದ್ದು, ಯಾವ ಪಕ್ಷ ಎಂದು ತಿಳಿಯದೆ ಇಬ್ಬರಿಗೂ ದಂಡ ಹಾಕಿದ್ದರಂತೆ. ನಾನು ಫೋನಿಟ್ಟು ಸೋಫಾದ ಕಡೆ ನೋಡಿದೆ. ನಮ್ಮದೂ ಕಸುಬಿನ ಹೆಸರೇ ಕಣೋ. ಇವತ್ತಿಗೂ ಆ ಕಸುಬು ಕೈಬಿಟ್ಟಿಲ್ಲ.

ಸುಘೋಷ್ ತೂಕಡಿಕೆ. ಬರೆದು ನೋಡಿದೆ. ಸುಘೋಷ್ ಮರಿಯಪ್ಪ ಎಂದೂ ಬರೆದೆ, ಅದನ್ನು ಬಹಳ ಹೊತ್ತು ನೋಡಿದೆ. ನೀನು ಹುಟ್ಟಿದಾಗ ಆ ಹೆಸರು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನೀನು ಶ್ರೀನಾಥ್ ಬಿಟ್ಟು ದೋಶಿ ಆರಿಸಿಕೊಳ್ಳುವಾಗಲೂ ಅದು ಲೆಕ್ಕಕ್ಕೇ ಬರಲಿಲ್ಲ. ನಿನ್ನ ಮೇಲೆ ದೂರು ಹೇಳುತ್ತಿಲ್ಲ. ಯಾರಿಗೂ ಬೇಡವಾದ ಹೆಸರನ್ನು ಇಟ್ಟುಕೊಂಡವಳಿಗೆ, ಎಲ್ಲರಿಗೂ ಬೇಕಾದ ಹೆಸರಿನವಳ ಮನೆಯಲ್ಲಿ ಊಟ ಇಳಿಯುವುದು ಸ್ವಲ್ಪ ಕಷ್ಟ, ಅಷ್ಟೇ. ರಂಜನಬೆನ್ ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು! ಮೊನ್ನೆ ನಮ್ಮ ಸೆಂಟರಿಗೆ ಯಾರೋ ಒಬ್ಬ ಹುಡುಗಿ ಬಂದಿದ್ದಳು, ಚೀಟಿಯಲ್ಲಿ ದೋಶಿ ಎಂದಿತ್ತು. ಜತೆಯವಳು ‘ಡೋಶಿ’ ಎಂದು ಕೂಗಲು ಹೊರಟಾಗ ತಡೆದು, ನಾನೇ ಬಾಗಿಲಿಗೆ ಹೋಗಿ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಸರಿಯಾಗಿ ಕೂಗಿದೆ. ಆ ಹುಡುಗಿ ತಟ್ಟನೆ ತಲೆಯೆತ್ತಿ ನಕ್ಕಳು. ಒಂದು ಕ್ಷಣ ನನಗೂ ಸಂತೋಷವಾಯಿತು, ಆಮೇಲೆ ಮತ್ತೆ ಹೊಟ್ಟೆ ಉರಿಯಿತು.

ಆದ್ದರಿಂದ, ಮಗನೇ, ಯೋಚಿಸಿಯೇ ಹೇಳುತ್ತಿದ್ದೇನೆ, ಈ ಸಲ ಕನ್ನಡದಲ್ಲಿ: ದೋಶಿ ಆಗು. ಹೊರಲು ಹೆಗಲಿದ್ದವರಿಗೆ ಒಪ್ಪುವ ಹೆಸರದು. ಆ ಭೂಪಟದಲ್ಲಿ ಜಾಗ ಉಳಿದಿದ್ದರೆ ರಾಮನಗರದಲ್ಲಿ ಒಂದು ಪಿನ್ ಚುಚ್ಚು, ದಾರ ಬೇಡ. ಋತ್ವಾಗೆ ನನ್ನ ಆಶೀರ್ವಾದ ಹೇಳು, ಆ ಹುಡುಗಿಯ ಮೇಲೆ ನನಗೆ ಯಾವ ಕೋಪವೂ ಇಲ್ಲ. ಅವಳ ಮನೆಯವರಿಗೆಲ್ಲ ನಮಸ್ಕಾರ ತಿಳಿಸು. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ದೂರದಿಂದಲೇ ನಿನ್ನ ತಲೆ ನೇವರಿಸುತ್ತಿದ್ದೇನೆ.

ನಿನ್ನ
ಅಮ್ಮ
(ತೇಜಸ್ವಿನಿ ಮರಿಯಪ್ಪ)

ತಾ.ಕ.: ಕವರ್ ಅಂಟಿಸಿದವಳು ಮತ್ತೆ ಬಿಚ್ಚಿದೆ. ಗುರುವಾರ ಫೋನಿನಲ್ಲಿ ಮಧ್ಯೆ ನಿನ್ನನ್ನು ಯಾರೋ ಕರೆದರು, ನೀನು ಓಗೊಟ್ಟೆ ಎಂದು ಬರೆದೆನಲ್ಲ. ‘ಕಮಿಂಗ್, ಮಮ್ಮಿ’ ಎಂದೆ ನೀನು. ನನಗೆ ಕೇಳಿಸಿತು. ಮಮ್ಮಿ ಬೇರೆ, ಅಮ್ಮ ಬೇರೆ ಎಂದು ಆವತ್ತಿನಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ, ಆಗುತ್ತಿಲ್ಲ. ಹೆಸರು ದೋಶಿ ಅಂತಲೇ ಇಟ್ಟುಕೊ, ನಾಳೆ ಮಕ್ಕಳಿಗೂ ಅದನ್ನೇ ಇಡು. ರಂಜನಬೆನ್ ಅವರನ್ನು ಮಾತ್ರ ಆಂಟಿ ಅಂತ ಕರಿ. ನವೆಂಬರ್‌ವರೆಗಾದರೂ.