ಹುಳುವೂ ಇಲ್ಲ, ಹುರುಳೂ ಇಲ್ಲ

ಮಾರ್ಚ್ ೧೪, ಶನಿವಾರ ಬೆಳಿಗ್ಗೆ

ನನ್ನ ಡಬ್ಬಿಗೆ,

ಅಪ್ಪನ ಆಶೀರ್ವಾದ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲಿಲ್ಲ ಅಂತಲ್ಲ. ನಾಲ್ಕು ಸಲ ಬರೆದೆ, ನಾಲ್ಕನ್ನೂ ಹರಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಎರಡು ಚಟಾಕಿ ಹಾರಿಸಿ ಜಾರಿಕೊಳ್ಳುತ್ತೇನೆ, ನೀನು "ಅಯ್ಯೋ ಅಪ್ಪಾ" ಅಂತ ನಕ್ಕು ಇಟ್ಟುಬಿಡುತ್ತೀಯ. ಕಾಗದದಲ್ಲಿ ಆ ಸೌಕರ್ಯವಿಲ್ಲ. ಬರೆದ ಜೋಕು ಎದುರಿಗೇ ಕೂತು ನಮ್ಮನ್ನೇ ದುರುಗುಟ್ಟಿಕೊಂಡು ನೋಡುತ್ತದೆ.

"ಮದುವೆಯಾಗಿ ಎಂಟು ವರ್ಷವಾಯಿತು, ಇನ್ನಾದರೂ ಡಬ್ಬಿ ಅನ್ನಬೇಡಪ್ಪ" ಅಂತ ಬರೆದಿದ್ದೀಯ. ನಾನೇನು ಮಾಡಲಿ? ನಾಲ್ಕು ವರ್ಷದವಳಿದ್ದಾಗ ಆಸ್ಪತ್ರೆಯ ಲ್ಯಾಬಿಗೆ ಬಂದು, ಸ್ಯಾಂಪಲ್ ತರಲು ಕೊಡುವ ಹೊಸ ಡಬ್ಬಿಗಳನ್ನು ನನ್ನ ಎದೆಯೆತ್ತರಕ್ಕೆ ಜೋಡಿಸಿದವಳು ನೀನು. ಊರಿಗೆಲ್ಲ ಅವು ಮಲಪರೀಕ್ಷೆಗೆ, ನಿನಗೊಬ್ಬಳಿಗೆ ಅರಮನೆಗೆ.

ಇಲ್ಲಿಯ ಸುದ್ದಿ ಹೆಚ್ಚಿಲ್ಲ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ಪ್ಲಂಬರ್ ಬಂದು ಸರಿಮಾಡಿದ. ಈಗ ನಲ್ಲಿ ಸುಮ್ಮನಿದೆ, ಗೋಡೆ ಸೋರುತ್ತಿದೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಊಟವಾದ ಮೇಲೆ ನಿನಗೆ ಹೊಟ್ಟೆಯುಬ್ಬರ, ದಿನವಿಡೀ ಸುಸ್ತು, ಹೊಲಿಗೆ ಯಂತ್ರದ ಮುಂದೆ ಕೂತರೆ ಏಳಲಾಗುವುದಿಲ್ಲ. ಅಂಗಡಿಗೆ ಬಟ್ಟೆ ಹೊಲಿಸಲು ಬರುವ ಜಿಮ್ಮಿನ ಮೇಡಂ ಒಂದು ಪಟ್ಟಿ ತೋರಿಸಿ, "ನೋಡಿ, ಎಲ್ಲಾ ನಿಮಗೇ ಹೊಂದುತ್ತೆ, ನಿಮ್ಮ ಕರುಳಲ್ಲಿ ಹುಳ ಇದೆ" ಅಂದರು. ಪುಡಿ, ಹನಿ, ಗುಳಿಗೆ ಸೇರಿದ ಕರುಳುಶುದ್ಧಿಯ ಕಿಟ್, ಇಪ್ಪತ್ತೊಂದು ದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ. "ಮಾಡಲಾ ಅಪ್ಪಾ, ಬೇಡವಾ?" ಅಂತ ಕೇಳಿದ್ದೀಯ.

ನೀನು ಕಾಗದದ ಜೊತೆ ಇಟ್ಟು ಕಳಿಸಿದ ಆ ಪಟ್ಟಿಯನ್ನು ನಾನೂ ಓದಿದೆ. ಸುಸ್ತು, ಸಿಡುಕು, ಸಿಹಿ ತಿನ್ನುವ ಆಸೆ, ಬೆಳಿಗ್ಗೆ ಏಳಲು ಮನಸ್ಸಿಲ್ಲದಿರುವುದು. ಡಬ್ಬಿ, ಇವು ಹುಳುವಿನ ಲಕ್ಷಣವಲ್ಲ, ಸೋಮವಾರದ ಲಕ್ಷಣ.

ಕಿಟ್ ಕುಡಿದ ಮೇಲೆ ತಮ್ಮ ಹೊಟ್ಟೆಯಿಂದಲೇ ಬಿದ್ದ ಹುಳುವೆಂದು ಮೇಡಂ ಕೊಟ್ಟ ಫೋಟೋವನ್ನೂ ನೋಡಿದೆ. ಕಾಫಿ ಕುಡಿಯುತ್ತಲೇ ನೋಡಿದೆ. ಮೂವತ್ತೊಂದು ವರ್ಷದ ಅಭ್ಯಾಸ. ಹಗ್ಗದ ಹಾಗಿರುವ ಅದು ಹುಳುವಲ್ಲ. ಹುಳುಗಳ ಕುಲಗೋತ್ರ ನನಗೆ ಗೊತ್ತು, ಅವಕ್ಕೆ ತಲೆ ಬಾಲ ಅಂತ ಒಂದಿರುತ್ತದೆ. ಇದು ಆ ಪುಡಿಯಲ್ಲಿರುವ ಹೊಟ್ಟು ನೀರು ಕುಡಿದು ಉಬ್ಬಿ, ಲೋಳೆಯ ಜೊತೆ ಹೊಸೆದುಕೊಂಡು ಬಂದದ್ದು. ಹೊಟ್ಟೆಗೆ ಹೊಟ್ಟು ಹಾಕಿ, ಹೊರಬಂದ ಹೊಟ್ಟಿಗೆ ಹುಳುವೆಂದು ಹೆಸರಿಟ್ಟು, ಅದರಲ್ಲೇ ಹೊಟ್ಟೆಪಾಡು ನಡೆಸುವ ಜನ!

ಹಾಗಾಗಿ ನನ್ನ ಉತ್ತರ: ಬೇಡ. ಮೊದಲು ಡಾಕ್ಟರಿಗೆ ತೋರಿಸು, ಪರೀಕ್ಷೆ ಮಾಡಿಸು. ಹುಳು ಸಿಕ್ಕಿದರೆ ಅದಕ್ಕೆ ತಕ್ಕ ಮಾತ್ರೆ ಇದೆ, ಇಪ್ಪತ್ತೊಂದು ದಿನದ ವನವಾಸ ಬೇಕಿಲ್ಲ. ಸಿಗದಿದ್ದರೆ ಬೇರೇನೆಂದು ಹುಡುಕುತ್ತಾರೆ.

ಇಷ್ಟು ಬರೆದು ಮೊದಲ ಕಾಗದವನ್ನು ಕವರಿಗೂ ಹಾಕಿದ್ದೆ. ಅಂಟಿಸುವ ಮುಂಚೆ ನಿನ್ನ ಕಾಗದವನ್ನು ಇನ್ನೊಮ್ಮೆ ಓದಿದೆ. ಎರಡು ಸಾಲು ನನ್ನ ಕೈ ಹಿಡಿದು ನಿಲ್ಲಿಸಿದವು.

ಒಂದು, ನೀನು ಖುಷಿಯಿಂದ ಬರೆದದ್ದು: "ಒಂದು ಒಳ್ಳೇದಾಗಿದೆ ಅಪ್ಪಾ, ತೆಳ್ಳಗಾಗಿದ್ದೀನಿ. ಈ ಆರು ತಿಂಗಳಲ್ಲಿ ನನ್ನ ಬಟ್ಟೆಗಳ ಸೊಂಟ ಎರಡು ಸಲ ಬಿಚ್ಚಿ ಒಳಕ್ಕೆ ಹಿಡಿದು ಹೊಲಿದೆ." ಅಮ್ಮನಿಗೆ ನಿನ್ನ ಹಾಗೆ ಹೊಲಿಗೆ ಬರುತ್ತಿರಲಿಲ್ಲ. ಅವಳು ಸಡಿಲವಾದ ರವಿಕೆಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು. ಮೊದಲು ಒಂದು ಪಿನ್ನು, ಆಮೇಲೆ ಎರಡು.

ಇನ್ನೊಂದು: "ಪರೀಕ್ಷೆ ಮಾಡಿಸಿ ಏನು ಬರುತ್ತೆ? ಅಮ್ಮನಿಗೂ ಮಾಡಿಸಿದ್ದೆಯಲ್ಲ, ನಿನ್ನ ಲ್ಯಾಬಿನಲ್ಲೇ. ಎಲ್ಲಾ ಸರಿಯಾಗಿದೆ ಅಂತಲೇ ಬಂತಲ್ಲ. ಒಂಬತ್ತು ತಿಂಗಳಿಗೆ ಹೊರಟೇಹೋದಳು."

ಈ ಸಾಲಿಗೆ ಉತ್ತರ ಹುಡುಕುತ್ತ ಮೂರು ವಾರ ಕಳೆದೆ.

ಅಮ್ಮ ಹೊಟ್ಟೆಯ ಮಾತೆತ್ತಿದಾಗಲೆಲ್ಲ ನಾನು ಜೋಕೆತ್ತುತ್ತಿದ್ದೆ, ನಿನಗೆ ನೆನಪಿರಬೇಕು. "ರೀ, ಎಡಗಡೆ ಹಿಂಡಿದ ಹಾಗಾಗುತ್ತೆ" ಅಂದರೆ, "ಹಿಂಡಿದ್ದಾಯಿತಲ್ಲ, ಇನ್ನು ಒಣಗಲು ಹಾಕು ಕಣೇ" ಅನ್ನುತ್ತಿದ್ದೆ. "ನಿಮ್ಮ ಡಬ್ಬಿಗಳಿಗೆಲ್ಲ ಮುಚ್ಚಳ ಇದೆ, ನಿಮ್ಮ ಬಾಯಿಗೆ ಮಾತ್ರ ಇಲ್ಲ" ಅಂತ ಬೈದು, ಬಿಸಿನೀರಿನ ಚೀಲ ಹೊಟ್ಟೆಯ ಮೇಲಿಟ್ಟುಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ರಿಪೋರ್ಟು ಬಂದ ಸಂಜೆ ಬಾಗಿಲಲ್ಲೇ ನಿಂತು ಹೇಳಿದ್ದೆ: "ನೋಡೇ, ನಿನ್ನ ಹೊಟ್ಟೆಯಲ್ಲಿ ಹುಳುವೂ ಇಲ್ಲ, ನಿನ್ನ ದೂರಿನಲ್ಲಿ ಹುರುಳೂ ಇಲ್ಲ." ನೀನೂ ಅವತ್ತು ಬಂದಿದ್ದೆ. ಮೂವರೂ ನಕ್ಕೆವು. ಎಷ್ಟು ಚೆನ್ನಾದ ಜೋಕು ಅಂತ ನಾನು ಪಕ್ಕದ ಮನೆಯವರಿಗೂ ಹೇಳಿದೆ.

ಆ ಚೀಲ ಈಗಲೂ ಬಚ್ಚಲಿನ ಮೊಳೆಯಲ್ಲಿ ನೇತಾಡುತ್ತಿದೆ. ಮೊನ್ನೆ ತೆಗೆದು ನೋಡಿದೆ. ಒಳಗಿನ ರಬ್ಬರು ಅಂಟಿಕೊಂಡಿದೆ, ಬಿಡಿಸಲು ಹೋದರೆ ಹರಿಯುತ್ತದೆ. ಮತ್ತೆ ಅಲ್ಲೇ ನೇತುಹಾಕಿದೆ.

ನನ್ನ ಕೆಲಸ ಎಂಥದೆಂದು ನಿನಗೆ ನಾನು ಯಾವತ್ತೂ ಸರಿಯಾಗಿ ಹೇಳಲಿಲ್ಲ. ಹೇಳಿದರೆ ನೀನು ಊಟ ಬಿಡುತ್ತಿದ್ದೆ. ಗಾಜಿನ ಪಟ್ಟಿಯ ಮೇಲೆ ಕಡ್ಡಿಯ ತುದಿಯಷ್ಟು ಹಚ್ಚಿ, ಒಂದು ಹನಿ ಉಪ್ಪುನೀರು ಬೆರೆಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊಲ ಉತ್ತ ಹಾಗೆ ಸಾಲು ತಪ್ಪದೆ ನೋಡುವುದು. ನಮ್ಮ ದೊಡ್ಡ ಡಾಕ್ಟರು ರಿಪೋರ್ಟಿನಲ್ಲಿ 'ಇಲ್ಲ' ಎಂದು ಬರೆಯಲು ಬಿಡುತ್ತಿರಲಿಲ್ಲ. "ಇಲ್ಲ ಅನ್ನೋಕೆ ನೀನ್ಯಾರಯ್ಯಾ? ಕಾಣಲಿಲ್ಲ ಅಂತ ಬರಿ. ಅದನ್ನೂ ಪೂರ್ತಿ ನೋಡಿದ ಮೇಲೆ ಬರಿ" ಅನ್ನುತ್ತಿದ್ದರು. ಆ ಮಾತಿನ ಮೇಲೆ ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಬೀಳ್ಕೊಡುಗೆಯ ದಿನ ಎಲ್ಲರೂ ಅದನ್ನೇ ಹೊಗಳಿದರು. ನಾನು ತಲೆ ತಗ್ಗಿಸಿ ಕೂತಿದ್ದೆ, ವಿನಯವೆಂದುಕೊಂಡರು.

ಅಳಿಯಂದಿರಿಗೆ ನನ್ನ ನೆನಪು ತಿಳಿಸು. ಮಧ್ಯಾಹ್ನದ ಊಟ ಬಿಟ್ಟು ಯಂತ್ರ ತುಳಿಯಬೇಡ. ಗಿರಾಕಿಯ ರವಿಕೆ ಒಂದು ಗಂಟೆ ಕಾದರೆ ಯಾರ ಮಾನವೂ ಹೋಗುವುದಿಲ್ಲ. ನಿನಗೆ ನೂರು ವರ್ಷ ಆಯಸ್ಸಿರಲಿ, ಆ ನೂರೂ ವರ್ಷ ಹಸಿವಿರಲಿ, ಉಂಡದ್ದು ಅರಗಲಿ.

ನಿನ್ನ
ಅಪ್ಪ

ತಾ.ಕ.: ಇದು ಮರೆತು ಬಿಟ್ಟ ಮಾತಲ್ಲ. ಹಿಂದಿನ ಕಾಗದಗಳನ್ನು ಹರಿದದ್ದು ಈ ಜಾಗಕ್ಕೆ ಬಂದೇ.

ಲ್ಯಾಬಿನಲ್ಲಿ ಒಂದು ಕಟ್ಟಳೆಯಿತ್ತು. ಮನೆಯವರ ಸ್ಯಾಂಪಲನ್ನು ನಾವೇ ನೋಡಬಾರದು, ಪಕ್ಕದ ಮೇಜಿಗೆ ದಾಟಿಸಬೇಕು. ಆ ದಿನ ಅಮ್ಮನ ಡಬ್ಬಿ ಟ್ರೇಯಲ್ಲಿ ಹದಿನೇಳನೆಯದು. ಮುಚ್ಚಳದ ಮೇಲೆ ಅವಳ ದುಂಡಗಿನ ಅಕ್ಷರದಲ್ಲಿ ಅವಳ ಹೆಸರು, ಮುಂದೆ ನನ್ನ ಹೆಸರು. ಪಕ್ಕದವನಿಗೆ ಕೊಡಲು ನಾಚಿಕೆಯಾಯಿತು. ನಾನೇ ನೋಡೋಣವೆಂದರೆ ಮುಚ್ಚಳ ತೆಗೆಯಲು ಕೈ ಬರಲಿಲ್ಲ. ಊರಿನವರೆಲ್ಲರದನ್ನೂ ಮೂಗು ಮುಚ್ಚದೆ ನೋಡಿದವನಿಗೆ, ಕಟ್ಟಿಕೊಂಡವಳದ್ದನ್ನು ನೋಡಿದರೆ ಅವಳ ಮರ್ಯಾದೆ ತೆಗೆದಂತೆ ಅನ್ನಿಸಿತು. ಇವಳದು ಇದ್ದದ್ದೇ, ಏನಾಗಿರುತ್ತೆ ಮಹಾ, ಅಂದುಕೊಂಡೆ. ತೆರೆಯದೆ ಕಸದ ಬಕೆಟ್ಟಿಗೆ ಹಾಕಿದೆ. ಹುಳು ಕಾಣಲಿಲ್ಲ, ಮೊಟ್ಟೆ ಕಾಣಲಿಲ್ಲ, ರಕ್ತಕಣ ಕಾಣಲಿಲ್ಲ ಎಂದು ಬರೆದೆ. ಸಹಿ ಹಾಕಿದೆ. ಸಂಜೆ ಬಂದು ಆ ಜೋಕು ಹೇಳಿದೆ.

ಅವಳು ನಂಬಿದಳು ಡಬ್ಬಿ. ಡಾಕ್ಟರೂ ನಂಬಿ ಗ್ಯಾಸಿನ ಮಾತ್ರೆ ಕೊಟ್ಟರು. ಕರುಳಿನ ಗಂಟು ಕೈಗೆ ಸಿಗುವ ಹೊತ್ತಿಗೆ ಏಳು ತಿಂಗಳಾಗಿತ್ತು. ಅವತ್ತೇ ನೋಡಿದ್ದರೆ ರಕ್ತ ಕಾಣುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನು ನಾನೇ ಬಕೆಟ್ಟಿಗೆ ಹಾಕಿದೆ. ಕೊನೆಯ ದಿನಗಳಲ್ಲಿ ಅವಳು ನನಗೇ ಸಮಾಧಾನ ಹೇಳುತ್ತಿದ್ದಳು: "ನೀವೇನು ಮಾಡ್ತೀರಿ ಬಿಡಿ, ನೋಡಿದಿರಲ್ಲ, ಕಾಣಲಿಲ್ಲ." ನಾನು ಹೂಂ ಅಂದೆ.

ಆದ್ದರಿಂದ ಪರೀಕ್ಷೆ ಮಾಡಿಸಿ ಏನು ಬಂತು ಅಂತ ಕೇಳಬೇಡ. ಅಮ್ಮನಿಗೆ ಪರೀಕ್ಷೆ ಆಗಲೇ ಇಲ್ಲ.

ನಾಡಿದ್ದು ಸೋಮವಾರವೇ ಹೋಗು. ಡಾಕ್ಟರಿಗೆ ಅಮ್ಮನ ಕಾಯಿಲೆಯ ಹೆಸರು ಹೇಳು, ಸೊಂಟ ಎರಡು ಸಲ ಹಿಡಿದು ಹೊಲಿದದ್ದನ್ನೂ ಹೇಳು. ನನ್ನ ಹಳೆಯ ಲ್ಯಾಬಿಗೆ ಕೊಡಬೇಡ, ಅಲ್ಲಿ ನೀನು ಎಲ್ಲರಿಗೂ ಡಬ್ಬಿ. ನಿನ್ನ ಮುಖ ಕಂಡಿರದವರ ಕೈಗೆ ಕೊಡು, ಅವರು ನೋಡುತ್ತಾರೆ. ಇದಕ್ಕೆ ಉತ್ತರ ಬರೆಯಬೇಕೆಂದಿಲ್ಲ. ಹೋಗಿ ಬಂದಳು ಅನ್ನುವ ಒಂದು ಮಾತನ್ನು ಅಳಿಯಂದಿರ ಕೈಲಾದರೂ ತಿಳಿಸು.