ರಕ್ತದ ಅಂಕಿ ಇಳಿಯುವವರೆಗೆ ಗಂಜಿ ಬೇಡ

ಅತ್ತೆಮ್ಮ,

ಚಳಿಗಾಲದ ಕಿಮ್ಚಿ ಉಪ್ಪಿನಕಾಯಿಗೆ ಉಪ್ಪುನೀರಿನಲ್ಲಿ ನೆನೆಹಾಕಿದ ಕೋಸನ್ನು ಬೆಳಗಿನ ಜಾವವೇ ಮಗುಚಿ ಹಾಕಿದ್ದೇನೆ. ಖಾರ ಮೆತ್ತಲು ಪಕ್ಕದ ಮನೆಯ ಬೊಂಗ್‌ಸುನ್ ಅಕ್ಕ ಮುಯ್ಯಾಳಾಗಿ ಬರುತ್ತಾರೆ. ಅವರು ಬರುವ ಮುಂಚೆ ನೀವೊಬ್ಬರೇ ಟಬ್ಬು ಎತ್ತಲು ಹೋಗಬೇಡಿ. ನಾನು ಮೊದಲ ಬಸ್ಸಿಗೇ ಆಸ್ಪತ್ರೆಗೆ ಹೊರಟೆ.

ನನ್ನ ಚೀಲದ ತಳದಲ್ಲಿ ನೀವು ಟವೆಲು ಸುತ್ತಿ ಬಚ್ಚಿಟ್ಟಿದ್ದ ಗಂಜಿ ಫ್ಲಾಸ್ಕು ಸಿಕ್ಕಿತು. ಒಲೆಯ ಪಕ್ಕ ಇಟ್ಟಿದ್ದೇನೆ, ಬಿಸಿಯಿರುವಾಗಲೇ ನೀವು ಕುಡಿಯಿರಿ. ನಿನ್ನೆಯಿಂದ ನೀವೂ ಏನೂ ತಿಂದಿಲ್ಲ.

ಆಪರೇಷನ್ ಆದಮೇಲೆ ನಿಮ್ಮ ಮಗನಿಗೆ ಹೂಸು ಬಂತೆಂದು ಕೇಳಿದ್ದೇ ತಡ, "ಗಾಳಿ ಹೋಯ್ತಲ್ಲ, ಇನ್ನು ಉಣ್ಣಬಹುದು!" ಎಂದು ಕೇರಿಗೆಲ್ಲ ಸಾರಿಬಿಟ್ಟಿರಿ. ಹಿಂದಿನಿಂದ ಬಂದ ಮಾತು, ಸುಳ್ಳಲ್ಲ. ಆದರೆ ಕ್ಯಾನ್ಸರಿನ ಜೊತೆ ಜಠರದ ಬಹುಭಾಗವನ್ನೇ ಕತ್ತರಿಸಿ ತೆಗೆದು, ಉಳಿದದ್ದನ್ನು ಕರುಳಿಗೆ ಹೊಲಿದಿದ್ದಾರೆ. ಡಾಕ್ಟರು ಅಂದರು: "ಒಳಗೆ ಹೊಲಿಗೆ ಸೋರಿದ್ರೆ ಜ್ವರಕ್ಕಿಂತ ಮೊದಲು ರಕ್ತ ಹೇಳುತ್ತಮ್ಮ. ಉರಿಯೂತದ ಅಂಕಿ ಇಷ್ಟೊತ್ತಿಗೆ ಇಳೀಬೇಕಿತ್ತು, ಇಳಿದಿಲ್ಲ. ಸೋರಿದೆ ಅಂತಲ್ಲ. ಆದ್ರೂ ಒಂದು ಗುಟುಕೂ ಬೇಡ." ಇವತ್ತು ಮತ್ತೆ ರಕ್ತ ತೆಗೆಯುತ್ತಾರೆ.

ನಿಮ್ಮ ಮಗ ಹೇಳಿ ಕಳಿಸಿದ್ದು ಇಷ್ಟು: "ಹಸಿವಿಗೆ ನಾನು ಸಾಯಲ್ಲ, ಅಮ್ಮನ ಗಂಜಿ ನೆನೆಸ್ಕೊಂಡೇ ಸಾಯ್ತೀನಿ ಅಂತ ಹೇಳು." ನಗುತ್ತಲೇ ಅಂದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಅಂಕಿ ಇಳಿದರೆ ಫೋನು ಮಾಡುತ್ತೇನೆ. ಆಗ ಹೊಸ ಅಕ್ಕಿ ನೆನೆಹಾಕಿ, ಬರೀ ತಿಳಿ ಸಾಕು, ಉಪ್ಪು ಬೇಡ. ನರ್ಸು ಚಮಚವನ್ನು ನನ್ನ ಕೈಗಿತ್ತರೂ ನಾನು ಕುಡಿಸುವುದಿಲ್ಲ. ನೀವು ಬರುವ ತನಕ ನಿಮ್ಮ ಮಗ ಕಾಯಲಿ. ಮೊದಲ ಗುಟುಕು ಕುಡಿಸುವುದು ನಿಮಗೇ ಬಾಕಿಯಿದೆ.

ಹೆಸೂಕ್